ಬಿಳಿ ಎಂದು ಕೊಟ್ಟ ಗಿಡ

ಊರ ಹೊರಗಿನ ಆ ನರ್ಸರಿಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರಿಗೂ ಅವರು ಬಣ್ಣದ ಮೇಷ್ಟ್ರು. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಆದರೆ ಎದುರಿಗಿದ್ದವರು ಕೆಂಪು ಹೂವು ಎಂದರೆ ಸಾಕು, “ಕೆಂಪು ಅಂದ್ರೆ ಯಾವ ಕೆಂಪು?” ಎಂದು ಅಡ್ಡ ಹಾಕುತ್ತಿದ್ದರು. ಬೀಟ್‌ರೂಟಿನ ಕೆಂಪೋ, ಇಟ್ಟಿಗೆಯ ಕೆಂಪೋ, ಗಾಯದ ಕೆಂಪೋ? ಉತ್ತರ ಬರುವ ತನಕ ಜಾಗ ಬಿಟ್ಟು ಕದಲುತ್ತಿರಲಿಲ್ಲ. ಪ್ಯಾಕಿಂಗ್ ಷೆಡ್ಡಿನ ಹೆಂಗಸರು ಅವರು ಬರುವುದು ಕಂಡರೆ ಕೈಯಲ್ಲಿದ್ದ ಹೂವನ್ನು ಬೆನ್ನ ಹಿಂದೆ ಮುಚ್ಚಿಡುತ್ತಿದ್ದರು. ತಮಾಷೆಗೆ ಅನ್ನಿ, ಆದರೂ ಮುಚ್ಚಿಡುತ್ತಿದ್ದರು.

ಅವರ ಕೆಲಸ ಪಿಯೋನಿ ಗಿಡಗಳದ್ದು. ಚಳಿ ಬೀಳುವ ನೆಲದ ಹೂವು ಅದು. ಪದರ ಪದರವಾಗಿ ಬಿಚ್ಚಿಕೊಂಡರೆ ಒಂದು ಹೂವಿಗೆ ಎರಡು ಅಂಗೈ ಸಾಲದು. ಅದರಲ್ಲಿ ಎರಡು ಜಾತಿ. ಚಳಿಗಾಲದಲ್ಲಿ ನೆಲದ ಮೇಲೆ ಏನೂ ಉಳಿಸದೆ ಬೇರಿನಲ್ಲೇ ಉಸಿರು ಹಿಡಿದು ಕೂತು, ಬಿಸಿಲು ಬಂದ ಮೇಲೆ ಕೆಂಪು ಮೊಳಕೆ ಚಾಚುವುದು ಒಂದು. ಗಟ್ಟಿ ಕಾಂಡ ಬೆಳೆಸಿ ಪೊದೆಯಾಗಿ ನಿಲ್ಲುವುದು ಇನ್ನೊಂದು. ನೆಲದ ಜಾತಿಯಲ್ಲಿ ಬಿಳಿ, ಗುಲಾಬಿ, ಕೆಂಪು ಬೇಕಾದಷ್ಟಿದ್ದವು, ನರ್ಸರಿಯಲ್ಲಿ ಹಳದಿ ಮಾತ್ರ ಇರಲಿಲ್ಲ. ಹಳದಿ ಇದ್ದದ್ದು ಪೊದೆಯ ಜಾತಿಯಲ್ಲಿ. ಎರಡನ್ನೂ ಕೂಡಿಸಿ ಆ ಹಳದಿಯನ್ನು ಈಚೆಗೆ ತರುವ ಕೆಲಸವನ್ನು ಬೇರೆ ಕಡೆ ಕೆಲವರು ಸಾಧಿಸಿದ್ದರು. ನಮಗೂ ನಮ್ಮದೇ ಒಂದು ಹಳದಿ ಬೇಕು ಎಂದು ನರ್ಸರಿಯ ಯಜಮಾನಿ ಯಾವತ್ತೋ ಒಮ್ಮೆ ಹೇಳಿದ್ದರು. ಹೇಳಿದವರು ಮರೆತರು. ಕೇಳಿಸಿಕೊಂಡವರು ಅದನ್ನೇ ಬದುಕು ಮಾಡಿಕೊಂಡರು.

ಅದೇನು ಬೇಕೆಂದಾಗ ಆಗುವ ಕೆಲಸವೇ? ಪೊದೆಯ ಜಾತಿ ಮೊದಲೇ ಅರಳಿ ಮುಗಿಸಿಬಿಡುತ್ತದೆ. ಅದರ ಪರಾಗವನ್ನು ಒಣಗಿಸಿ, ಡಬ್ಬಿಗೆ ಹಾಕಿ, ಫ್ರಿಜ್ಜಿನಲ್ಲಿ ಬೆಣ್ಣೆಯ ಪಕ್ಕದಲ್ಲಿಟ್ಟು ಕಾಯಬೇಕು. ಆಮೇಲೆ ನೆಲದ ಜಾತಿಯ ಮೊಗ್ಗನ್ನು ಅರಳುವ ಮುಂಚೆ ಬಿಡಿಸಿ, ಕೇಸರ ಕಿತ್ತು, ಸಣ್ಣ ಕುಂಚದಲ್ಲಿ ಪರಾಗ ಸವರಿ, ಜೇನುಹುಳ ಮುಟ್ಟದ ಹಾಗೆ ತೆಳು ಬಟ್ಟೆಯ ಚೀಲ ಕಟ್ಟಬೇಕು. ಮುಕ್ಕಾಲು ಪಾಲು ಕಾಯಿ ಪೊಳ್ಳು. ಬೀಜ ಸಿಕ್ಕಿದರೆ ಒಂದು ಚಳಿಗಾಲಕ್ಕೆ ಬೇರು, ಇನ್ನೊಂದಕ್ಕೆ ಎಲೆ. ಹೂವಿನ ಮುಖ ನೋಡಬೇಕಾದರೆ ಮತ್ತೂ ನಾಲ್ಕೈದು ವರ್ಷ. ಕೂಸೊಂದನ್ನು ಹೆತ್ತು ಶಾಲೆಗೆ ಕಳಿಸುವಷ್ಟು ಕಾಲ ಹಿಡಿಯುತ್ತಿತ್ತು. ಮೇಷ್ಟ್ರಿಗೆ ಮಕ್ಕಳಿರಲಿಲ್ಲ.

ಹೆಂಡತಿ ಅದೇ ನರ್ಸರಿಯಲ್ಲಿ ಆ ಬಟ್ಟೆಯ ಚೀಲಗಳನ್ನು ಹೊಲಿಯುತ್ತಿದ್ದರು, ಕಟ್ಟುತ್ತಿದ್ದರು. ಹೂವಿನ ಕಾಲ ಬಂತೆಂದರೆ ಬೆಳಗಿನ ಚಹಾ ಮುಗಿಸಿ ಗಂಡ ಹೆಂಡತಿ ಹಿಂದಿನ ಪಾತಿಗೆ ಹೋಗುವರು. ಆಕೆ ಯಾವಾಗಲೂ ಅವರ ಎಡಕ್ಕೆ ನಿಲ್ಲುವರು, ಯಾಕೆಂದರೆ ಮೇಷ್ಟ್ರ ಬಲಗೈಯಲ್ಲಿ ಬಣ್ಣದ ಕಾರ್ಡುಗಳ ಕಟ್ಟಿರುತ್ತಿತ್ತು. ಹೂವಿನ ಪಕ್ಕದಲ್ಲಿ ಹಿಡಿದು ಬಣ್ಣ ತಾಳೆ ನೋಡುವ ಕಾರ್ಡುಗಳು ಅವು.

“ಇದು ಹವಳ,” ಎನ್ನುವರು ಆಕೆ.

“ಸರಿ. ನಾಳೆ?”

“ನಾಳೆ ಪೀಚ್ ಹಣ್ಣು. ಆಮೇಲೆ ಕೆನೆ. ಉದುರೋ ಹೊತ್ತಿಗೆ ಹವಳ ಅಂತ ಒಂದಿತ್ತು ಅನ್ನೋದೇ ಗೊತ್ತಾಗಲ್ಲ. ಈ ಹೂವಿಗೆ ಆಡಿದ ಮಾತಿನ ಮೇಲೆ ನಿಲ್ಲೋ ಅಭ್ಯಾಸವೇ ಇಲ್ಲ ರೀ.”

ಮೇಷ್ಟ್ರು ಕಾರ್ಡು ಹಿಡಿದು ತಲೆಯಾಡಿಸುವರು. ನಾನೇ ತಯಾರು ಮಾಡಿದ ಶಿಷ್ಯೆ ಎಂದು ಕಂಡಕಂಡವರ ಮುಂದೆ ಹೇಳಿಕೊಳ್ಳುವರು. ಕೊನೆಕೊನೆಯ ವರ್ಷಗಳಲ್ಲಂತೂ ಅವರು ಬಾಯಿ ತೆರೆಯುವ ಮುಂಚೆಯೇ ಆಕೆ ಬಣ್ಣ ಹೇಳಿಬಿಡುತ್ತಿದ್ದರು. “ನನ್ನನ್ನೇ ಮೀರಿಸಿಬಿಟ್ಟಳು ನೋಡಿ,” ಎಂದು ಮೇಷ್ಟ್ರು ಬೀಗುತ್ತಿದ್ದರು.

ಒಂದು ಚಳಿಗಾಲ ಆಕೆ ಜ್ವರ ಎಂದು ಮಲಗಿದವರು ಏಳಲಿಲ್ಲ. ಆಗ ಹಿಂದಿನ ಪಾತಿಯ ಮೂಲೆಯಲ್ಲಿ ಒಂದು ಗಿಡವಿತ್ತು. ಎಲೆ ಸೀಳಿದ ರೀತಿ ನೋಡಿದರೇ ಪೊದೆಯ ಜಾತಿಯ ರಕ್ತ ಸೇರಿದೆ ಎಂದು ಹೇಳಬಹುದಾದ ಗಿಡ. ಅದು ಮೊದಲ ಸಲ ಹೂ ಬಿಡಬೇಕಿದ್ದ ವರ್ಷ. ಹಾಸಿಗೆಯಲ್ಲಿದ್ದರೂ ಆಕೆಯ ಯೋಚನೆ ಅದರದ್ದೇ.

“ಈ ಸಲ ಮೊಗ್ಗು ಬಿಡುತ್ತೆ,” ಎಂದರು. “ಒಬ್ಬರೇ ನೋಡಬೇಡಿ ರೀ. ಯಾರನ್ನಾದ್ರೂ ಜೊತೆಗೆ ಕರ್ಕೊಂಡು ಹೋಗಿ. ನನ್ನ ತಂಗೀನಾದ್ರೂ ಕರೀರಿ.”

ಒಂಟಿಯಾಗಿ ಕೊರಗುತ್ತೇನೆ ಅಂತ ಹೀಗೆ ಹೇಳುತ್ತಿದ್ದಾಳೆ ಎಂದುಕೊಂಡರು ಮೇಷ್ಟ್ರು. ಆಗಲಿ ಎಂದರು. ಮಾತು ಕೊಟ್ಟರು. ವಸಂತ ಬಂದಾಗ ಒಬ್ಬರೇ ಹೋದರು. ಯಾರನ್ನು ಕರೆಯುವುದು? ಆಕೆ ನಿಲ್ಲುತ್ತಿದ್ದ ಜಾಗದಲ್ಲಿ ಇನ್ನೊಬ್ಬರು ನಿಲ್ಲುವುದನ್ನು ಸಹಿಸುವ ಶಕ್ತಿ ಅವರಿಗಿರಲಿಲ್ಲ. ಪಾತಿಯ ಬೇಲಿಗೆ ಬೀಗ ಹಾಕಿ ಕೀಲಿಯನ್ನು ಜೇಬಿಗೆ ಹಾಕಿಕೊಂಡಿದ್ದರು.

ಒಂದೇ ಹೂವು ಅರಳಿತ್ತು. ಎಸಳಿನ ಬುಡದಲ್ಲಿ ಕಡುಗೆಂಪು ಮಚ್ಚೆ. ಉಳಿದಂತೆ ಬಿಳಿ. ಕಾರ್ಡು ಹಿಡಿದರು, ಬಿಳಿ. ಮೋಡ ಸರಿದ ಮೇಲೆ ಮತ್ತೆ ಹಿಡಿದರು, ಬಿಳಿಯೇ. ಹಾಲಿನ ಬಿಳಿಗೂ ತಿಳಿಹಳದಿಗೂ ಇರುವ ಎರಡು ಕಾರ್ಡುಗಳು ಹೆಚ್ಚುಕಮ್ಮಿ ಒಂದೇ ಥರ ಕಂಡವು. ಬಿಸಿಲಿಗೆ ಕಾರ್ಡು ಮಾಸಿದೆ, ಮಾಡಿದವರು ಮೋಸ ಮಾಡಿದ್ದಾರೆ ಎಂದು ಗೊಣಗಿದರು. ಆಮೇಲೆ ಅಲ್ಲೇ ಒದ್ದೆ ಮಣ್ಣಿನ ಮೇಲೆ ಕೂತು ಅತ್ತರು. ಇಷ್ಟು ವರ್ಷ ಕಾದದ್ದು ಇದಕ್ಕಾ ಎಂದು ಗಿಡವನ್ನೇ ಬೈದರು.

“ಮೂಲೆ ಗಿಡ ಬಿಳಿ,” ಎಂದು ಯಜಮಾನಿಗೆ ಹೇಳಿದರು.

“ಬಿಳಿ ನಮ್ಮ ಹತ್ರ ರಾಶಿ ಇದೆಯಲ್ಲ ಮೇಷ್ಟ್ರೇ,” ಎಂದರು ಯಜಮಾನಿ. ಮೇಷ್ಟ್ರು ಹೇಳಿದ ಬಣ್ಣವನ್ನು ಹೋಗಿ ನೋಡಿ ಖಾತ್ರಿ ಮಾಡಿಕೊಳ್ಳುವ ಅಭ್ಯಾಸ ಆ ನರ್ಸರಿಯಲ್ಲಿ ಯಾರಿಗೂ ಇರಲಿಲ್ಲ. ಹಾಗೆ ಅಭ್ಯಾಸ ಮಾಡಿಸಿದವರು ಮೇಷ್ಟ್ರೇ.

ಎಲೆ ಒಣಗುವ ಕಾಲಕ್ಕೆ ಬೇಡದ ಗಿಡಗಳನ್ನೆಲ್ಲ ಕಿತ್ತು ಗೊಬ್ಬರದ ಗುಂಡಿಗೆ ಹಾಕಿದರು. ಮೂಲೆಯ ಗಿಡವನ್ನು ಎಸೆಯಲು ಕೈ ಬರಲಿಲ್ಲ. ಹಳೆಯ ಗೋಣಿಯಲ್ಲಿ ಸುತ್ತಿ ನಾದಿನಿಯ ಮನೆಗೆ ಒಯ್ದು ಕೊಟ್ಟರು. ನಾದಿನಿ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಕೆಲಸಕ್ಕಿದ್ದವರು. ಅವರೂ ಒಂಟಿ. ಮೂಗಿನ ತುದಿಯಲ್ಲೇ ಕೋಪ, ಮನಸ್ಸು ಮಾತ್ರ ಮೆತ್ತಗೆ.

“ಬಿಳಿ ಹೂವು ಬಿಡುತ್ತೆ,” ಎಂದರು ಮೇಷ್ಟ್ರು. “ಮೊಳಕೆ ಎರಡು ಬೆರಳಿಗಿಂತ ಆಳ ಹೋಗಬಾರದು. ಹೋದ್ರೆ ಬರೀ ಎಲೆ.”

ಜಾಗ ಬದಲಿಸಿದ ಪಿಯೋನಿ ಮುನಿಸಿಕೊಳ್ಳುತ್ತದೆ. ಇದೂ ಒಂದು ವರ್ಷ ಮುನಿಸಿಕೊಂಡಿತು. ಅದರ ಮುಂದಿನ ವಸಂತದಲ್ಲಿ ಒಂದು ಭಾನುವಾರ ನಾದಿನಿ ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಓಡಿ ಬಂದರು.

“ಭಾವ, ಬನ್ನಿ ಬೇಗ! ನಿಮ್ಮ ಹಳದಿ ಹೂವು ಅರಳಿದೆ!”

ಮೇಷ್ಟ್ರು ಕುಡಿಯುತ್ತಿದ್ದ ಚಹಾ ಬಿಟ್ಟು ಓಡಿದರು. ನಾದಿನಿಯ ಮನೆಯ ಮುಂದೆ ಗಿಡದ ಎದುರು ಮಂಡಿಯೂರಿ ನೋಡಿದರು. ಅದೇ ಬಿಳಿ.

“ಇದು ಬಿಳಿ,” ಎಂದರು.

“ಬಿಳಿಯಾ? ಸರಿಯಾಗಿ ನೋಡಿ ಭಾವ. ದಿನಾ ಬೆಳಗಾದ್ರೆ ಬಿಳಿ ಬಟ್ಟೆ ಒಗೆಯೋಳು ನಾನು. ಇದು ಹಳದಿ. ಅಕ್ಕ ಇದ್ದಿದ್ರೆ—”

“ನಿನ್ನಕ್ಕನಿಗೆ ಬಣ್ಣ ಗೊತ್ತಿತ್ತು. ನಿನಗೇನು ಗೊತ್ತು, ಬಟ್ಟೆಯ ಕೊಳೆ! ಸತ್ತವಳ ಆಸೆ ಹಿಡ್ಕೊಂಡು ನನ್ನ ಹತ್ರ ಆಟ ಆಡಬೇಡ.”

ನಾದಿನಿ ಇನ್ನೂ ಏನೋ ಹೇಳಲು ಬಾಯಿ ತೆರೆದರು. ಮೇಷ್ಟ್ರು ಕೈ ಅಡ್ಡ ಹಿಡಿದು, ಗೇಟು ಧಡಾರನೆ ಹಾಕಿಕೊಂಡು ಹೊರಟುಹೋದರು. ಆಡಿದ್ದು ಅತಿಯಾಯಿತು ಎಂದು ಮನೆ ಮುಟ್ಟುವ ಮುಂಚೆಯೇ ಅನ್ನಿಸಿತು. ಹಿಂದಕ್ಕೆ ಹೋಗಲಿಲ್ಲ. ಆಕೆಯೂ ಬರಲಿಲ್ಲ. ಪೇಟೆಯಲ್ಲಿ ಎದುರಾದರೆ ಒಬ್ಬರು ತರಕಾರಿ ನೋಡುವರು, ಇನ್ನೊಬ್ಬರು ಆಕಾಶ ನೋಡುವರು.

ಅಲ್ಲಿಂದ ಮುಂದಿನ ದಿನಗಳನ್ನು ಏನೆಂದು ಹೇಳುವುದು? ಮೇಷ್ಟ್ರಿಗೆ ಮಾತಾಡುವ ಚಪಲ, ಮನೆಯಲ್ಲಿ ಕೇಳುವ ಕಿವಿಯಿಲ್ಲ. ಬ್ರೆಡ್ಡು ತಂದರೆ ಅರ್ಧ ಗಟ್ಟಿಯಾಗಿ ಹೋಗುತ್ತಿತ್ತು. ಸಣ್ಣ ಬ್ರೆಡ್ಡು ಕೊಳ್ಳಬಹುದಿತ್ತು. ಆದರೆ ಅಂಗಡಿಯವನ ಮುಂದೆ ಸಣ್ಣದು ಕೊಡಿ ಎನ್ನಲು ನಾಲಿಗೆ ಏಳುತ್ತಿರಲಿಲ್ಲ. ರೇಡಿಯೋದಲ್ಲಿ ಯಾರಾದರೂ ನೀಲಿ ಆಕಾಶ ಎಂದರೆ, “ನೀಲಿ ಅಂದ್ರೆ ಯಾವ ನೀಲಿ?” ಎಂದು ರೇಡಿಯೋವನ್ನೇ ಕೇಳುವರು. ಹಾಸಿಗೆಯ ಎಡಗಡೆಯನ್ನು ಹಾಗೇ ಬಿಟ್ಟು ಬಲಗಡೆಯ ಅಂಚಿನಲ್ಲಿ ಮಲಗುವರು. ಎಂಥ ಒಂಟಿತನ ಅದು ಅಂದರೆ, ಜ್ವರ ಬಂದರೆ ಹಣೆ ಮುಟ್ಟಿ ನೋಡಿಕೊಳ್ಳಲು ತಮ್ಮದೇ ಕೈ, ಆ ಕೈಯೂ ಬಿಸಿ.

ನರ್ಸರಿಯಲ್ಲೂ ಗಾಳಿ ಬದಲಾಯಿತು. ಹೊಸ ಗಿಡ ಹುಟ್ಟಿಸುವ ಸಹನೆ ಯಾರಿಗೂ ಉಳಿದಿರಲಿಲ್ಲ. ಹಿಂದಿನ ಪಾತಿಯನ್ನು ಅಗೆದು ಅಲ್ಲಿ ಗಾಜಿನ ಮನೆ ಕಟ್ಟಿಸುವುದೆಂದು ಯಜಮಾನಿ ತೀರ್ಮಾನಿಸಿದರು. ಮೇಷ್ಟ್ರು ಬೀಗದ ಕೀಲಿಯನ್ನು ಮೇಜಿನ ಮೇಲಿಟ್ಟು ಬಂದು ಪ್ಯಾಕಿಂಗ್ ಷೆಡ್ಡಿನಲ್ಲಿ ಹೂವು ವಿಂಗಡಿಸಲು ಕೂತರು. ಇನ್ನು ಈ ಜನ್ಮಕ್ಕೆ ಹಳದಿ ಇಲ್ಲ ಎಂದು ಅವತ್ತು ಖಾತ್ರಿಯಾಯಿತು.

ಅಲ್ಲಿ ಕೂತ ಮೇಲೆ ಎಡವಟ್ಟು ಹೊರಬಿತ್ತು. ಅಚ್ಚ ಬಿಳಿ ಹೂವು ಬೇಕೆಂದು ಬರೆಸಿದ್ದ ಹೂವಿನಂಗಡಿಯೊಂದು ಇಡೀ ಪೆಟ್ಟಿಗೆಯನ್ನು ವಾಪಸು ಕಳಿಸಿತು. ಅರ್ಧಕ್ಕರ್ಧ ಕೆನೆ ಬಣ್ಣದವು ಎಂದು ದೂರು. ಮೇಷ್ಟ್ರು ಕೆರಳಿದರು. ಒಂದೊಂದೇ ಹೂವೆತ್ತಿ, “ಇದು ಬಿಳಿ ಅಲ್ವಾ? ಇದು?” ಎಂದು ಷೆಡ್ಡಿನ ಹೆಂಗಸರ ಮುಂದೆ ಹಿಡಿದರು. ಬೇರೆ ದಿನವಾಗಿದ್ದರೆ ಅವರು ನಗುತ್ತಿದ್ದರು. ಅವತ್ತು ಯಾರೂ ನಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆ ತಗ್ಗಿಸಿದರು.

“ಮೇಷ್ಟ್ರೇ,” ಎಂದರು ಯಜಮಾನಿ ಮೆಲ್ಲಗೆ, “ಒಂದ್ಸಲ ಕಣ್ಣಿನ ಡಾಕ್ಟರಿಗೆ ತೋರಿಸ್ಕೊಂಡು ಬನ್ನಿ.”

ಡಾಕ್ಟರು ದೀಪ ಬಿಟ್ಟು ನೋಡಿ, ಎರಡೂ ಕಣ್ಣಿನಲ್ಲಿ ಪೊರೆ ಬಲಿತಿದೆ ಎಂದರು. “ಕಡು ಚಹಾದ ಗ್ಲಾಸಿನೊಳಗಿಂದ ಲೋಕ ನೋಡ್ತಾ ಇದ್ರಿ ಅಂದ್ಕೊಳ್ಳಿ. ನಿಧಾನವಾಗಿ ಬರೋದ್ರಿಂದ ಗೊತ್ತಾಗಲ್ಲ. ಹತ್ತು ವರ್ಷದ್ದಾದ್ರೂ ಇರಬೇಕು ಇದು.”

“ಹತ್ತು ವರ್ಷವಾ? ಸಾಧ್ಯವೇ ಇಲ್ಲ. ನನ್ನ ಕೆಲಸವೇ ಬಣ್ಣದ್ದು ಡಾಕ್ಟ್ರೇ,” ಎಂದರು ಮೇಷ್ಟ್ರು. ಡಾಕ್ಟರು ವಾದಕ್ಕೆ ಇಳಿಯಲಿಲ್ಲ.

ಚಳಿ ಇಳಿಯುವ ಹೊತ್ತಿಗೆ ಒಂದು ಕಣ್ಣಿನದು, ಆಮೇಲೆ ಇನ್ನೊಂದರದ್ದು ಪೊರೆ ತೆಗೆದರು. ಪಟ್ಟಿ ಬಿಚ್ಚಿದಾಗ ನರ್ಸಿನ ಬಟ್ಟೆ ಕಣ್ಣಿಗೆ ಚುಚ್ಚಿತು. “ಹೊಸದಾ ಇದು?” ಎಂದು ಕೇಳಿದರು. ಹಳೆಯದೇ ತಾತ ಎಂದು ಆ ಹುಡುಗಿ ನಕ್ಕಳು.

ಮನೆಗೆ ಬಂದು ಬಾಗಿಲು ತೆರೆದವರು ಹೊಸ್ತಿಲಲ್ಲೇ ನಿಂತರು. ಕಿಟಕಿಯ ಪರದೆ ತಿಳಿನೇರಳೆ ಬಣ್ಣದ್ದು. ಅದನ್ನು ಕೊಂಡು ತಂದ ದಿನ ಹೆಂಡತಿ, “ಹೇಗಿದೆ ರೀ?” ಎಂದು ಹರಡಿ ತೋರಿಸಿದ್ದರು. “ಬೂದಿ ಬಣ್ಣ. ಏನು ಸೊಗಸಿದೆ ಇದ್ರಲ್ಲಿ,” ಎಂದಿದ್ದರು ಮೇಷ್ಟ್ರು. ಆಕೆ ಒಂದು ಗಳಿಗೆ ಅವರನ್ನೇ ನೋಡಿ, ಏನೂ ಹೇಳದೆ ಪರದೆ ತೂಗುಹಾಕಿದ್ದರು. ಅಲ್ಲಿಂದ ಕೊನೆಯ ತನಕ ಆಕೆ ತಿಳಿನೇರಳೆ ಪರದೆಯ ಮನೆಯಲ್ಲಿದ್ದರು, ಇವರು ಬೂದಿ ಪರದೆಯ ಮನೆಯಲ್ಲಿದ್ದರು. ಈಗ ಆಕೆಯ ಮನೆ ಇವರಿಗೂ ಕಂಡಿತು, ಆಕೆ ಇರಲಿಲ್ಲ.

ಆಮೇಲೆ ಕಪಾಟಿನಿಂದ ಕಾರ್ಡುಗಳ ಕಟ್ಟು ತೆಗೆದರು. ಒಂದೇ ಥರ ಮಾಸಿವೆ ಎಂದು ಬೈದಿದ್ದ ಆ ಎರಡು ಕಾರ್ಡುಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು. ಒಂದು ಹಾಲು. ಇನ್ನೊಂದು ಹಳದಿ. ಮಗುವೂ ಹೇಳಬಹುದಾದಷ್ಟು ಹಳದಿ.

ಗುಂಡಿಗೆ ಎಸೆದ ಗಿಡಗಳು ಕೊಳೆತು ಎಷ್ಟೋ ಕಾಲವಾಗಿತ್ತು. ಪಾತಿಯೂ ಇಲ್ಲ. ಇದ್ದದ್ದು ಒಂದೇ ಗಿಡ, ಅದು ನಾದಿನಿಯ ಮನೆಯ ಮುಂದೆ. ಅದೂ ಇದೆಯೋ ಇಲ್ಲವೋ. ಅಂಥ ಮಾತು ಕೇಳಿಸಿಕೊಂಡವಳು ಗಿಡ ಯಾಕೆ ಉಳಿಸಿಕೊಂಡಾಳು?

ಮರುದಿನ ಷೆಡ್ಡಿನಲ್ಲಿ, ನಾದಿನಿಯ ಬೀದಿಯಲ್ಲೇ ಇದ್ದ ಹೆಂಗಸೊಬ್ಬರನ್ನು ಸುತ್ತಿ ಬಳಸಿ ವಿಚಾರಿಸಿದರು. “ಅವರ ಮನೆ ಮುಂದೆ ಈಗ ಮಣ್ಣೇ ಇಲ್ವಲ್ಲ ಮೇಷ್ಟ್ರೇ. ಕೆಸರು ಕೆಸರು ಅಂತ ಸಿಮೆಂಟ್ ಹಾಕಿಸಿಬಿಟ್ರು,” ಎಂದರು ಆಕೆ.

ಅವತ್ತು ಮೇಷ್ಟ್ರು ಊಟದ ಡಬ್ಬಿ ಬಿಚ್ಚಲಿಲ್ಲ. ಹೋಗಬೇಕು ಎಂದುಕೊಳ್ಳುವುದು, ಬೀದಿಯ ತಿರುವಿನ ತನಕ ಹೋಗುವುದು, ಹಿಂದಿರುಗುವುದು. ಹೀಗೇ ಚಳಿ ಪೂರ್ತಿ ಮುಗಿಯಿತು, ಊರಿನ ತೋಟಗಳಲ್ಲೆಲ್ಲ ಪಿಯೋನಿ ಮೊಗ್ಗು ಬಿರಿಯಿತು. ಇನ್ನು ಒಂದು ವಾರ ಬಿಟ್ಟರೆ ಹೂವಿನ ಕಾಲವೇ ಮುಗಿಯುತ್ತದೆ ಎನ್ನುವಾಗ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟರು.

ಸಿಮೆಂಟ್ ಹಾಕಿಸಿದ್ದು ನಿಜ. ಗೇಟಿನಿಂದ ಬಾಗಿಲ ತನಕ ಬಟ್ಟಬಯಲು. ಗಿಡವಿದ್ದ ಜಾಗದಲ್ಲಿ ಒಂದು ಸೈಕಲ್ ನಿಂತಿತ್ತು. ಮೇಷ್ಟ್ರು ಆ ಸೈಕಲ್ಲನ್ನು ನೋಡುತ್ತಾ ನಿಂತೇ ಇದ್ದರು. ಬಾಗಿಲು ತೆರೆಯಿತು.

“ಏನ್ ಭಾವ, ದಾರಿ ತಪ್ಪಿತಾ?” ಎಂದರು ನಾದಿನಿ. ಕೈಯಲ್ಲಿ ಒದ್ದೆ ಬಟ್ಟೆಯ ಬುಟ್ಟಿಯಿತ್ತು.

“ಇಲ್ಲ. ಆ ಗಿಡ...”

“ಯಾವ ಗಿಡ? ಬಿಳೀದಾ?”

ಜೀವಮಾನದಲ್ಲಿ ಬಣ್ಣದ ವಿಷಯಕ್ಕೆ ಮೇಷ್ಟ್ರು ಯಾರಿಗೂ ಸೋತವರಲ್ಲ.

“ಹಳದೀದು,” ಎಂದರು.

ನಾದಿನಿ ಬುಟ್ಟಿಯನ್ನು ಸೊಂಟಕ್ಕೆ ಸರಿಸಿಕೊಂಡು, “ಒಳಗೆ ಬನ್ನಿ,” ಎಂದರು.

ಅಡುಗೆಮನೆ ದಾಟಿ ಹಿತ್ತಲಿಗೆ ಕರೆದೊಯ್ದರು. “ಸಿಮೆಂಟ್ ಹಾಕಿಸೋಕೆ ಮುಂಚೆ ಕಿತ್ತು ಇಲ್ಲಿ ಇಟ್ಟೆ. ಎಲೆ ಪೂರ್ತಿ ಒಣಗೋ ತನಕ ಕಾದೇ ಕಿತ್ತಿದ್ದು. ಎರಡೇ ಬೆರಳು ಆಳ. ಹೋದ ವರ್ಷ ಮುನಿಸ್ಕೊಂಡು ಕೂತಿತ್ತು, ನಿಮ್ಮ ಹಾಗೆ. ಈ ಸಲ ಒಂದೇ ಒಂದು ಬಿಟ್ಟಿದೆ.”

ಗೋಡೆಯ ಪಕ್ಕದಲ್ಲಿ ಗಿಡವಿತ್ತು. ಒಂದೇ ಒಂದು ಹೂವು, ಪೂರ್ತಿ ಅರಳಿದ್ದು. ಮೇಷ್ಟ್ರ ಕಣ್ಣಲ್ಲಿ ನೀರು ತುಂಬಿತು. ಹೊಸ ಕಣ್ಣಿಗೆ ನೀರು ತಾಕಬಾರದೆಂದು ಡಾಕ್ಟರು ಹೇಳಿದ್ದು ನೆನಪಾಗಿ ಗಡಿಬಿಡಿಯಿಂದ ಒರೆಸಿಕೊಂಡರು.

“ನನ್ನ ಕಣ್ಣು ಹೋಗಿತ್ತು ಕಣಮ್ಮ. ನನಗೇ ಗೊತ್ತಿರಲಿಲ್ಲ. ಅವತ್ತು ಏನೇನೋ ಅಂದುಬಿಟ್ಟೆ. ಮನಸ್ಸಲ್ಲಿ ಇಟ್ಕೋಬೇಡ. ಅವಳು ಇದ್ದಿದ್ರೆ ಅವಳಾದ್ರೂ—”

“ಅಕ್ಕನಿಗೆ ಗೊತ್ತಿತ್ತು ಭಾವ.”

ಮೇಷ್ಟ್ರು ತಿರುಗಿ ನೋಡಿದರು.

“ನಿಮಗೆ ಬಣ್ಣ ಸರಿಯಾಗಿ ಕಾಣಲ್ಲ ಅಂತ ಅವಳಿಗೆ ಆ ಪರದೆ ತಂದ ದಿನವೇ ಗೊತ್ತಾಗಿತ್ತು. ಡಾಕ್ಟರ ಹತ್ರ ಕರ್ಕೊಂಡು ಹೋಗು ಅಂದೆ. ‘ಆಪರೇಷನ್ ಅಂದ್ರೆ ಹೆದರ್ತಾರೆ, ಬಣ್ಣ ಗೊತ್ತಾಗಲ್ಲ ಅಂದ್ರೆ ಎದೆ ಒಡ್ಕೋತಾರೆ. ಈ ಹೂವು ಒಂದು ಆಗಿಬಿಡಲಿ, ಆಮೇಲೆ ನಿಧಾನವಾಗಿ ಹೇಳ್ತೀನಿ. ಅಲ್ಲೀ ತನಕ ಅವರು ಬಾಯಿ ತೆರೆಯೋ ಮುಂಚೆ ನಾನೇ ಹೇಳಿಬಿಡ್ತೀನಿ’ ಅಂದ್ಲು. ಅವತ್ತು ಇದನ್ನೇ ಹೇಳೋಕೆ ಹೊರಟೆ. ನೀವು ಬಾಯಿ ಮುಚ್ಚಿಸಿದ್ರಿ. ಆಮೇಲೆ ನನಗೂ ಹಟ ಬಂತು.”

ಹವಳ, ಪೀಚ್, ಕೆನೆ ಎಂದು ಒಂದಾದ ಮೇಲೊಂದು ಬಣ್ಣ ಹೇಳುತ್ತಿದ್ದ ಆ ದನಿ ಮೇಷ್ಟ್ರ ಕಿವಿಯಲ್ಲಿ ತುಂಬಿಕೊಂಡಿತು. ಶಿಷ್ಯೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದರಲ್ಲ! ಒಬ್ಬರೇ ನೋಡಬೇಡಿ ರೀ ಎಂದು ಆಕೆ ಯಾಕೆ ಅಂದಿದ್ದರು ಎನ್ನುವುದು ಈಗ ತಿಳಿಯಿತು. ಅಷ್ಟು ಚಿಕ್ಕ ಮಾತೊಂದನ್ನು ನಡೆಸಿಕೊಡಲು ತಮ್ಮಿಂದ ಆಗಲಿಲ್ಲ.

“ನಿಮ್ಮ ಗಿಡ, ಬೇಕಾದ್ರೆ ತಗೊಂಡು ಹೋಗಿ,” ಎಂದರು ನಾದಿನಿ.

“ಬೇಡ. ಮತ್ತೆ ಕಿತ್ತರೆ ಮತ್ತೆ ಮುನಿಸ್ಕೊಳುತ್ತೆ. ಇಲ್ಲೇ ಇರಲಿ.”

ನಾದಿನಿ ಬಟ್ಟೆಯ ಬುಟ್ಟಿ ಇಳಿಸಿ, ದೊಡ್ಡ ದೊಡ್ಡ ಬೆಡ್‌ಷೀಟುಗಳನ್ನು ಕೊಡವಿ ತಂತಿಗೆ ಹಾಕಿದರು. ಖಾಲಿ ಬುಟ್ಟಿ ಎತ್ತಿಕೊಂಡು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತು, “ಸರಿ ಭಾವ, ಈಗ ಹೇಳಿ,” ಎಂದರು. “ಯಾವ ಬಣ್ಣ?”

ಮೇಷ್ಟ್ರು ಹೂವಿನ ಮುಂದೆ ನಿಂತರು. ಬಣ್ಣ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿತ್ತು, ಆದರೂ ಬಾಯಿಗೆ ಬರಲಿಲ್ಲ. ಮೊದಲು ಹೇಳಿ ಅವರಿಗೆ ಅಭ್ಯಾಸವೇ ತಪ್ಪಿಹೋಗಿತ್ತು. ಕಾದರು. ಯಾರೂ ಹೇಳಲಿಲ್ಲ.

“ಹಳದಿ,” ಎಂದರು ಕೊನೆಗೆ. ಸರಿಯೇನೇ ಎಂದು ಕೇಳಲು ಎಡಕ್ಕೆ ತಿರುಗಿದರು. ಅಲ್ಲಿ ತಂತಿಯ ಮೇಲೆ ಬಿಳಿಯ ಬೆಡ್‌ಷೀಟುಗಳು ಒಣಗುತ್ತಿದ್ದವು.